ಕೆಂಪು ದೀಪ ಉರಿಯುತ್ತಿತ್ತು, ನೀರು ಕಾಯುತ್ತಿರಲಿಲ್ಲ

ಕೇಳುಗ ಬಂಧುಗಳಿಗೆ ನಮಸ್ಕಾರ.

ಆಕಾಶವಾಣಿಯವರು ಫೋನ್ ಮಾಡಿ, ಕ್ರೈಸ್ತ ಜೀವನದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದರು. ಮೂವತ್ತು ವರ್ಷ ಚರ್ಚಿನ ಸಭಾಪಾಲಕನಾಗಿದ್ದವನಿಗೆ ಹತ್ತು ನಿಮಿಷ ಪೀಠಿಕೆಗೇ ಸಾಲದು. ಅದಕ್ಕೇ ಒಂದೇ ಮಾತು ಹಿಡಿದುಕೊಂಡು ಬಂದಿದ್ದೇನೆ. ನಂಬಿಕೆ ಒಂದೇ ದಿನದಲ್ಲಿ ತಣ್ಣಗಾಗುವುದಿಲ್ಲ. ದಿನಕ್ಕೆ ಇಷ್ಟಿಷ್ಟೇ ಸುಣ್ಣ ಕಟ್ಟುತ್ತದೆ. ಯಾರೊಳಗೆ ಕಟ್ಟಿದೆಯೋ ಅವರಿಗೇ ಅದು ಗೊತ್ತಾಗುವುದಿಲ್ಲ.

ಇದೇನು, ಸುಣ್ಣದ ಮಾತು ಎಲ್ಲಿಂದ ಬಂತು ಅಂತೀರಾ? ಅದಕ್ಕೆ ನಮ್ಮ ಮನೆಯ ಗೀಸರ್ ಕಥೆ ಹೇಳಬೇಕು.

ನಿವೃತ್ತಿಯಾದ ಮೇಲೆ ನಾನೂ ನಮ್ಮ ಮನೆಯವರೂ ಬೆಂಗಳೂರಿನ ಹೊರಗಡೆ ಒಂದು ಬಡಾವಣೆಯಲ್ಲಿದ್ದೇವೆ. ಬೋರ್‌ವೆಲ್ ನೀರು. ಎಷ್ಟು ಗಡಸು ಅಂತ ಆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಸೋಪು ನೊರೆ ಬರುವುದಿಲ್ಲ. ಬಕೆಟ್ಟಿನ ಸುತ್ತ ಬಿಳಿ ಗೆರೆ, ನಲ್ಲಿಯ ಬಾಯಿಗೆ ಬಿಳಿ ಮೀಸೆ.

ಗೀಸರ್ ಹಾಕಿಸಿದ ಹೊಸದರಲ್ಲಿ ಹತ್ತು ನಿಮಿಷ ಸ್ವಿಚ್ ಹಾಕಿದರೆ ಸಾಕಿತ್ತು. ಅರ್ಧ ಬಕೆಟ್ ತಣ್ಣೀರು ಬೆರೆಸದೆ ಮೈಗೆ ಹಾಕಿಕೊಳ್ಳುವ ಹಾಗೇ ಇರಲಿಲ್ಲ. ಆಮೇಲೆ ಹತ್ತು ಹೋಗಿ ಹದಿನೈದಾಯಿತು. ಹದಿನೈದು ಹೋಗಿ ಅರ್ಧ ಗಂಟೆ. ತಣ್ಣೀರು ಬೆರೆಸುವುದು ಯಾವತ್ತು ನಿಂತಿತೋ ನನಗೆ ಗೊತ್ತೇ ಆಗಲಿಲ್ಲ. ಮನೆಯವರು, "ರೀ, ನೀರು ಮೊದಲಿನ ಹಾಗೆ ಕಾಯ್ತಿಲ್ಲ" ಅಂದರು. "ಚಳಿಗಾಲ ಅಲ್ವಾ" ಅಂದೆ. ಬೇಸಿಗೆ ಬಂತು. "ವೋಲ್ಟೇಜ್ ಕಮ್ಮಿ" ಅಂದೆ. ಕೊನೆಗೆ, ವಯಸ್ಸಾದವರ ಮೈಗೆ ಉಗುರು ಬೆಚ್ಚಗಿನ ನೀರೇ ಒಳ್ಳೆಯದು ಅಂತ ಚರ್ಚಿನಲ್ಲಿ ಉಪದೇಶ ಮಾಡುವ ಹಾಗೆ ಒಂದು ಪ್ರಸಂಗವನ್ನೇ ಮಾಡಿಬಿಟ್ಟೆ. ಅದಕ್ಕೇನು, ಮೂವತ್ತು ವರ್ಷದ ಅಭ್ಯಾಸ.

ಕ್ರಿಸ್ಮಸ್ ರಜೆಗೆ ಮೊಮ್ಮಗ ಬಂದ. ಬೆಳಿಗ್ಗೆ ಸ್ನಾನದ ಮನೆಯಿಂದ ಕೂಗಿಕೊಂಡ. "ತಾತಾ, ಗೀಸರ್ ಹಾಕೇ ಇಲ್ಲ ನೀವು!"

"ಕೆಂಪು ದೀಪ ಉರೀತಿದೆ ನೋಡೋ" ಅಂದೆ.

"ದೀಪ ಉರೀತಿದೆ ತಾತಾ, ನೀರು ಮಾತ್ರ ತಣ್ಣಗಿದೆ."

ರಿಪೇರಿಯವರನ್ನು ಕರೆಸಿದೆವು. ಅವರು ನನ್ನನ್ನು ಫಾದರ್ ಅಂತ ಕರೆಯುತ್ತಾರೆ. ನಾನು ಫಾದರ್ ಅಲ್ಲಪ್ಪ, ಹೆಂಡತಿ ಮಕ್ಕಳಿರುವ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆಯ, ಸಭಾಪಾಲಕ ಅಂತ ಎರಡು ಸಲ ಹೇಳಿ ನೋಡಿದೆ, ಆಮೇಲೆ ಸುಮ್ಮನಾದೆ. ಅವರು ಗೀಸರ್ ಇಳಿಸಿ ತಳ ಬಿಚ್ಚಿದರು. ಒಳಗಿನ ಕಾಯಿಲ್ ಹೊರಗೆ ಎಳೆದರೆ, ಕಾಯಿಲ್ ಎಲ್ಲಿದೆ? ದಪ್ಪ ಬಿಳಿ ಕಲ್ಲಿನ ಕೊಂಬೊಂದು ಕಾಣಿಸಿತು. ಸ್ಕ್ರೂಡ್ರೈವರ್‌ನಿಂದ ತಟ್ಟಿದರು. ಚಕ್ಕೆ ಚಕ್ಕೆಯಾಗಿ ಉದುರಿತು. ಟ್ಯಾಂಕ್ ಬಗ್ಗಿಸಿದರೆ ಇನ್ನೂ ಅರ್ಧ ಬಕೆಟ್ ಪುಡಿ ಬಿತ್ತು.

"ಕಾಯಿಲ್ ಸುಟ್ಟಿಲ್ಲ ಫಾದರ್" ಅಂದರು. "ಕರೆಂಟು ಬರ್ತಿದೆ, ಕಾಯಿಲ್ ಕಾಯ್ತಿದೆ. ಬಿಸಿ ನೀರಿಗೆ ಹೋಗ್ತಿಲ್ಲ, ಅಷ್ಟೇ. ಮಧ್ಯ ಸುಣ್ಣ ನಿಂತಿದೆ."

ನಾನು ಅಲ್ಲೇ ಸ್ಟೂಲ್ ಮೇಲೆ ಕೂತುಬಿಟ್ಟೆ. ಯಾಕೆಂದರೆ ಬೈಬಲಿನಲ್ಲಿ ಬರುವ ಲವೊದಿಕೀಯ ಎಂಬ ಊರಿನ ಸಭೆಯ ಮೇಲೆ ನಾನು ಜೀವಮಾನದಲ್ಲಿ ಎಷ್ಟು ಪ್ರಸಂಗ ಮಾಡಿದ್ದೆನೋ ಲೆಕ್ಕವಿಲ್ಲ. ಅಷ್ಟನ್ನೂ ಈ ಮನುಷ್ಯ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದರು.

ಸತ್ಯವೇದದ, ಅಂದರೆ ಬೈಬಲಿನ, ಕೊನೆಯ ಪುಸ್ತಕ, ಪ್ರಕಟನೆ, 3ನೆಯ ಅಧ್ಯಾಯ. ಏಳು ಸಭೆಗಳಿಗೆ, ಅಂದರೆ ಏಳು ಊರುಗಳ ಕ್ರೈಸ್ತ ಸಮುದಾಯಗಳಿಗೆ, ಕ್ರಿಸ್ತನು ಕಳಿಸಿದ ಪತ್ರಗಳಲ್ಲಿ ಕೊನೆಯದು ಲವೊದಿಕೀಯದ ಸಭೆಗೆ. ಬೇರೆ ಸಭೆಗಳಲ್ಲಿ ಏನಾದರೂ ಒಂದು ಒಳ್ಳೆಯದನ್ನು ಹುಡುಕಿ ಹೇಳಿದ್ದಾನೆ. ಈ ಸಭೆಯ ಬಗ್ಗೆ ಒಂದೇ ಒಂದು ಮೆಚ್ಚಿನ ಮಾತಿಲ್ಲ. ಅದಕ್ಕಿಂತ ಆಶ್ಚರ್ಯ ಏನೆಂದರೆ, ದೊಡ್ಡ ಪಾಪವೂ ಅಲ್ಲಿ ಕಾಣುವುದಿಲ್ಲ. ವಿಗ್ರಹಕ್ಕೆ ಬಿದ್ದರು, ಸುಳ್ಳು ಬೋಧನೆಗೆ ಬಿದ್ದರು ಅಂತ ಏನೂ ಇಲ್ಲ. ನೀನು ತಣ್ಣಗೂ ಇಲ್ಲ, ಬಿಸಿಯಾಗಿಯೂ ಇಲ್ಲ, ಉಗುರು ಬೆಚ್ಚಗಿದ್ದೀ. ಅದೇ ದೊಡ್ಡ ದೂರು.

ಆ ಊರು ಈಗಿನ ಟರ್ಕಿ ದೇಶದಲ್ಲಿ, ಡೆನಿಜ್ಲಿ ಅನ್ನುವ ಪಟ್ಟಣದ ಪಕ್ಕದಲ್ಲಿದೆ. ಉತ್ತರಕ್ಕೆ ಸುಮಾರು ಹತ್ತು ಕಿಲೋಮೀಟರ್ ಹೋದರೆ ಹಿರಿಯಾಪೊಲಿ. ಅಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಜನ ಕಾಯಿಲೆ ವಾಸಿಯಾಗಲಿ ಅಂತ ಅದರಲ್ಲಿ ಮೀಯುತ್ತಿದ್ದರು. ಇನ್ನೊಂದು ದಿಕ್ಕಿಗೆ ಕೊಲೊಸ್ಸೆ. ಅಲ್ಲಿ ಬೆಟ್ಟದಿಂದ ಇಳಿದು ಬರುವ ತಣ್ಣನೆಯ ನೀರು. ಮಧ್ಯದಲ್ಲಿ ಲವೊದಿಕೀಯ. ದೊಡ್ಡ ಊರು, ಆದರೆ ಊರಿಗೆ ಸಾಕಾಗುವಷ್ಟು ನೀರು ಊರಲ್ಲೇ ಇರಲಿಲ್ಲ. ಮೈಲಿಗಟ್ಟಲೆ ದೂರದ ಬುಗ್ಗೆಯಿಂದ ಕಲ್ಲಿನ, ಮಣ್ಣಿನ ಕೊಳವೆಗಳಲ್ಲಿ ತರಿಸುತ್ತಿದ್ದರು. ಆ ಕೊಳವೆಗಳ ಚಿತ್ರ ನೋಡಿದ್ದೇನೆ. ಒಳಗೆ ಸುಣ್ಣ ಕಟ್ಟಿ ಕಟ್ಟಿ ತೂತು ಕಿರಿದಾಗಿಬಿಟ್ಟಿದೆ. ಥೇಟ್ ನಮ್ಮ ಗೀಸರ್!

ಇಲ್ಲಿ ಒಂದು ಮಾತು. ಬಿಸಿ ಅಂದರೆ ವಿಶ್ವಾಸಿ, ತಣ್ಣಗೆ ಅಂದರೆ ನಾಸ್ತಿಕ ಅಂತ ಈಗಲೂ ಪ್ರಸಂಗ ಮಾಡುವವರಿದ್ದಾರೆ. ದಯವಿಟ್ಟು ನಿಲ್ಲಿಸಿ. ಬಿಸಿನೀರು ನೋವಿಗೆ ಒಳ್ಳೆಯದು, ತಣ್ಣೀರು ಬಾಯಾರಿಕೆಗೆ ಒಳ್ಳೆಯದು. ಎರಡೂ ಬೇಕು. ಎರಡಕ್ಕೂ ಆಗದ ನೀರು ಬಾಯಿಗೆ ಹಾಕಿಕೊಂಡರೆ ಓಕರಿಕೆ ಬರುತ್ತದೆ. ಅದಕ್ಕೇ ಕರ್ತನಾದ ಕ್ರಿಸ್ತನು ಆ ಪತ್ರದಲ್ಲಿ ನಿನ್ನನ್ನು ಬಾಯಿಂದ ಕಾರಿಬಿಡುತ್ತೇನೆ ಅಂದದ್ದು. ನಮ್ಮ ಭಾಷೆಯ ಮಾತೇ ನೋಡಿ, ಉಗುರು ಬೆಚ್ಚಗೆ. ಬಿಸಿ ಉಗುರಿನ ತನಕ ಬಂತು, ಒಳಗೆ ಇಳಿಯಲಿಲ್ಲ.

ಹಾಗಾದರೆ ಸುಣ್ಣ ಯಾವುದು? ಅನುಕೂಲ. ಲವೊದಿಕೀಯ ಹಣದ ವಹಿವಾಟಿನ ಊರು, ಕಪ್ಪು ಉಣ್ಣೆಗೆ ಹೆಸರಾದ ಊರು. ಕ್ರಿ.ಶ. 60ರಲ್ಲಿ ಭೂಕಂಪವಾಗಿ ಊರು ಬಿತ್ತು. ರೋಮಿನ ನೆರವಿಲ್ಲದೆ ಸ್ವಂತ ದುಡ್ಡಿನಿಂದಲೇ ಅವರು ಮತ್ತೆ ಕಟ್ಟಿಕೊಂಡರು ಅಂತ ಟ್ಯಾಸಿಟಸ್ ಎಂಬ ರೋಮನ್ ಇತಿಹಾಸಕಾರ ಬರೆದಿದ್ದಾನೆ. ಒಳ್ಳೆಯ ವಿಷಯವೇ. ಆದರೆ 'ನನಗೆ ಯಾರೂ ಬೇಕಾಗಿಲ್ಲ' ಅನ್ನುವ ಆ ಊರಿನ ಮಾತು ಮೆಲ್ಲಗೆ ಸಭೆಯೊಳಗೂ ಬಂತು. ದೇವರೂ ಬೇಕಾಗದೆ ಹೋದ. ಹಾಗಂತ ಯಾರೂ ಬಾಯಿಬಿಟ್ಟು ಹೇಳಿರಲಾರರು. ಆರಾಧನೆ ನಡೆಯುತ್ತಲೇ ಇತ್ತು. ಕೆಂಪು ದೀಪ ಉರಿಯುತ್ತಲೇ ಇತ್ತು.

ಈ ಸಭೆ ಮೊದಲಿಂದಲೂ ಹೀಗಿರಲಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ ಕ್ರಿಸ್ತನ ಅಪೊಸ್ತಲನಾದ ಪೌಲನು ಎಪಫ್ರ ಎಂಬವನ ಹೆಸರು ಹೇಳುತ್ತಾನೆ. ಲವೊದಿಕೀಯದವರಿಗಾಗಿ ಬಹಳ ಕಷ್ಟಪಟ್ಟವನು, ಪ್ರಾರ್ಥನೆಯಲ್ಲಿ ಹೋರಾಡಿದವನು. ಅಂಥವನ ಪ್ರಾರ್ಥನೆಯಲ್ಲಿ ಬೆಳೆದ ಸಭೆ ಒಂದು ತಲೆಮಾರು ಕಳೆಯುವಷ್ಟರಲ್ಲಿ ಈ ಸ್ಥಿತಿಗೆ ಬಂತು. ಯಾವತ್ತು ತಣ್ಣಗಾಯಿತು ಅಂತ ಅಲ್ಲಿ ಯಾರನ್ನು ಕೇಳಿದ್ದರೂ ದಿನಾಂಕ ಹೇಳಲು ಆಗುತ್ತಿರಲಿಲ್ಲ. ನನಗೆ ಗೀಸರ್ ವಿಷಯದಲ್ಲಿ ಆಗಲಿಲ್ಲವಲ್ಲ, ಹಾಗೆ.

ಈಗ ನಮ್ಮ ಕಡೆ ಬನ್ನಿ. ಚರ್ಚಿನ ಸುಗ್ಗಿ ಹಬ್ಬದ ಹರಾಜು ಜೋರಾಗಿದೆ. ಗಾಯನ ತಂಡಕ್ಕೆ ಹೊಸ ಸೀರೆ ಬಂದಿದೆ. ಕಮಿಟಿ ಚುನಾವಣೆಗೆ ಪೈಪೋಟಿ ಇದೆ. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂತ ಪ್ರಾರ್ಥನೆ ಶುರುಮಾಡಿದರೆ ಆಮೆನ್ ತನಕ ಎಲ್ಲೂ ಉಸಿರು ತೆಗೆದುಕೊಳ್ಳುವುದಿಲ್ಲ. ಮೀಟರ್ ಓಡುತ್ತಿದೆ ಸ್ವಾಮಿ, ನೀರು ಕಾಯುತ್ತಿದೆಯಾ? ಇದನ್ನು ಜೋರಾಗಿ ಕೇಳುತ್ತಿದ್ದೇನೆ ಅಂತ ಬೇಸರ ಬೇಡ. ಈ ದೀಪವನ್ನು ಬಹಳ ವರ್ಷ ಉರಿಸಿದವರಲ್ಲಿ ನಾನೂ ಒಬ್ಬ. ಬೇರೆಯವರಿಗೆ ಪ್ರಸಂಗ ಮಾಡಲಿಕ್ಕೆ ಅಂತಲೇ ಸತ್ಯವೇದ ತೆರೆಯುತ್ತಿದ್ದೆ. ನನಗಾಗಿ ತೆರೆದ ದಿನಗಳು ಕಡಿಮೆ.

ಸುಣ್ಣ ತೆಗೆಯುವುದು ಹೇಗೆ ಅಂತ ಮೂರು ವಿಷಯ ಬರೆದುಕೊಂಡು ಬಂದಿದ್ದೆ. ಹತ್ತರಲ್ಲಿ ಬಹಳಷ್ಟು ನಿಮಿಷ ಗೀಸರ್‌ಗೇ ಹೋಯಿತು. ಇರಲಿ, ಓಡಿಸಿ ಹೇಳುತ್ತೇನೆ.

ಬೆಳಿಗ್ಗೆ ಎದ್ದ ಕೂಡಲೇ ಫೋನ್ ಮುಟ್ಟಬೇಡಿ, ಮೊದಲು ಸತ್ಯವೇದದ ಹತ್ತು ವಚನ ಓದಿ. ಹತ್ತು ಅಧ್ಯಾಯ ಬೇಡ, ಹತ್ತೇ ವಚನ. ಪ್ರತಿದಿನ. ಸುಣ್ಣ ಪ್ರತಿದಿನ ಕಟ್ಟುತ್ತದೆ, ಆದ್ದರಿಂದ ಪ್ರತಿದಿನ. ಎರಡನೆಯದು, ದೇವರಿಗೆ ಹೇಳಬೇಕು ಅಂದುಕೊಂಡು ಎಷ್ಟೋ ದಿನದಿಂದ ಹೇಳದೆ ಇಟ್ಟುಕೊಂಡ ವಿಷಯ ಒಂದಿರುತ್ತದಲ್ಲ, ಅದನ್ನು ಇವತ್ತು ಹೇಳಿ. ಚಂದದ ಪ್ರಾರ್ಥನೆ ಬೇಕಾಗಿಲ್ಲ. ನನ್ನಲ್ಲಿ ಬಿಸಿ ಇಲ್ಲ ಕರ್ತನೇ ಅಂದರೂ ಅದು ಪ್ರಾರ್ಥನೆಯೇ.

ನಮ್ಮವರ ಎಷ್ಟೋ ಮನೆಗಳಲ್ಲಿ ಯೇಸುಸ್ವಾಮಿ ಬಾಗಿಲು ತಟ್ಟುವ ಕ್ಯಾಲೆಂಡರ್ ಇರುತ್ತದೆ. ಅದು ಯಾರ ಬಾಗಿಲು ಅಂದುಕೊಂಡಿದ್ದೀರಿ? ನಂಬದವರದ್ದು ಅಂತ ನಾವು ಹೇಳಿಕೊಂಡು ಬಂದಿದ್ದೇವೆ. ಅಲ್ಲ. ಆ ಮಾತು ಇರುವುದು ಇದೇ ಲವೊದಿಕೀಯದ ಪತ್ರದಲ್ಲಿ, 20ನೆಯ ವಚನ. ಸಭೆಯವರು ಒಳಗಿದ್ದಾರೆ, ಕರ್ತನು ಹೊರಗೆ ನಿಂತಿದ್ದಾನೆ. ಬೈಯಲಿಕ್ಕೆ ಬಂದವನಲ್ಲ, ಜೊತೆಯಲ್ಲಿ ಊಟ ಮಾಡುತ್ತೇನೆ ಅನ್ನುತ್ತಾನೆ. ಅದರ ಹಿಂದಿನ ವಚನ ನೋಡಿ. ಪ್ರೀತಿಸುವವರನ್ನೇ ಗದರಿಸುತ್ತೇನೆ ಅಂತ ಇದೆ.

ಮೂರನೆಯದು ಸ್ವಲ್ಪ ಕಷ್ಟ. ಸುಣ್ಣ ನಮಗೆ ಕಾಣುವುದಿಲ್ಲ, ಜೊತೆಯಲ್ಲಿರುವವರಿಗೆ ಕಾಣುತ್ತದೆ. ಇವತ್ತು ರಾತ್ರಿ ಮನೆಯಲ್ಲಿ ಒಬ್ಬರನ್ನು ಕೇಳಿ. ನಾನು ಮೊದಲಿಗಿಂತ ತಣ್ಣಗಾಗಿದ್ದೇನಾ ಅಂತ. ಅವರು ಹೇಳಿ ಮುಗಿಸುವ ತನಕ ಮಧ್ಯೆ ಬಾಯಿ ಹಾಕಬೇಡಿ. ಚಳಿಗಾಲ, ವೋಲ್ಟೇಜು ಅನ್ನಬೇಡಿ.

ಗೀಸರ್ ರಿಪೇರಿಯಾದ ದಿನ ಸಂಜೆ ನಾನು ಮನೆಯವರನ್ನು ಕೇಳಿದೆ. ಅವರು ಅವರೆಕಾಯಿ ಬಿಡಿಸುತ್ತಾ ಇದ್ದರು. ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿದರು. "ಕೂತ್ಕೊಳ್ಳಿ, ಸ್ವಲ್ಪ ಹೊತ್ತು ಹಿಡಿಯುತ್ತೆ" ಅಂದರು.

ಕೂತೆ.

ನಮಸ್ಕಾರ.