ಕಾಳಿ ಎಂಬ ನಾಯಿಯ ಕಲ್ಲು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ನಮ್ಮದೊಂದು ಚಿಕ್ಕ ಗುಂಪಿದೆ, ಆರೇಳು ಜನ. ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಹೋಗಿ, ಉಳಿಯಲು ಮನಸ್ಸಿರುವ ಮಕ್ಕಳಿಗೆ ನಾಡಿನ, ದೇಶದ ಇತಿಹಾಸ ಹೇಳಿಕೊಡುತ್ತೇವೆ. ಸಂಬಳವಿಲ್ಲ, ಪರೀಕ್ಷೆಯೂ ಇಲ್ಲ.

ಮೊದಲ ವರ್ಷ ನಾವು ಮಾಡಿದ್ದು ತಪ್ಪು. ಕಪ್ಪುಹಲಗೆಯ ಮೇಲೆ ಕದಂಬರು, ಗಂಗರು, ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು ಎಂದು ಸಾಲಾಗಿ ಬರೆದೆವು. ಮಕ್ಕಳು ಶ್ರದ್ಧೆಯಿಂದ ಬರೆದುಕೊಂಡರು. ಮುಂದಿನ ವಾರ ಕೇಳಿದರೆ ಒಬ್ಬರಿಗೂ ನೆನಪಿಲ್ಲ. ಅಲ್ಲಿನ ಶಿಕ್ಷಕಿಯೊಬ್ಬರು ಬಹಳ ಮೃದುವಾಗಿ ಹೇಳಿದರು: "ಸರ್, ಇದನ್ನು ನಾವೂ ಹೇಳುತ್ತೇವೆ. ನೀವು ಇಷ್ಟು ದೂರ ಬರುತ್ತೀರಿ, ನಮ್ಮಿಂದ ಆಗದ್ದನ್ನು ತೋರಿಸಿ." ಆ ಮಾತಿಗೆ ನಾನು ಇಂದಿಗೂ ಋಣಿ.

ಅಂದಿನಿಂದ ಪಾಠ ಕಲ್ಲಿನ ಬಳಿಗೆ ಹೋಯಿತು. ಹಳೆಯ ಮೈಸೂರಿನ ಕಡೆ ವೀರಗಲ್ಲುಗಳಿಗೆ ಬರವಿಲ್ಲ. ಕೆರೆ ಏರಿಯ ಮೇಲೆ, ಆಂಜನೇಯನ ಗುಡಿಯ ಮಗ್ಗುಲಲ್ಲಿ, ಹೊಲದ ಬದುವಿನಲ್ಲಿ ಅರ್ಧ ಹೂತು ನಿಂತಿರುತ್ತವೆ. ಮಕ್ಕಳು ದಿನವೂ ಅದನ್ನು ದಾಟಿಕೊಂಡೇ ಶಾಲೆಗೆ ಬಂದಿರುತ್ತಾರೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದು ಹೇಳಿದೊಡನೆ ಅವರ ಕಣ್ಣು ಅಗಲವಾಗುತ್ತದೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಹೋರಾಟ, ಹಲವು ಕಡೆ ಕದ್ದೊಯ್ಯುತ್ತಿರುವ ದನಗಳು. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಿದ್ದಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕುಳಿತಿದ್ದಾನೆ. ಅದರ ಮೇಲೆ ಸೂರ್ಯ, ಚಂದ್ರ: ಅವೆರಡು ಇರುವವರೆಗೂ ಇವನ ಹೆಸರು ಇರಲಿ ಎಂದು.

ಅಕ್ಷರಗಳಿರುವ ಕಲ್ಲಾದರೆ ಇನ್ನೂ ಸೊಗಸು. ಮೊದಲು ಬರಿಯ ನೀರು, ಮೆತ್ತನೆಯ ಬ್ರಷ್. ಎಣ್ಣೆ, ಸೀಮೆಸುಣ್ಣ, ಮೊಳೆ ಯಾವುದೂ ಕೂಡದು; ಈ ವಿಷಯದಲ್ಲಿ ನಾನು ಕಟ್ಟುನಿಟ್ಟು. ಆಮೇಲೆ ಒಬ್ಬ ಹುಡುಗ ಕೊಡೆ ಹಿಡಿದು ನೆರಳು ಮಾಡುತ್ತಾನೆ, ಇನ್ನೊಬ್ಬಳು ಟಾರ್ಚನ್ನು ಕಲ್ಲಿನ ಒಂದು ಅಂಚಿನಿಂದ ಓರೆಯಾಗಿ ಬಿಡುತ್ತಾಳೆ. ಸವೆದು ಹೋದಂತಿದ್ದ ಅಕ್ಷರಗಳು ನೆರಳು ಕಟ್ಟಿ ಎದ್ದು ನಿಲ್ಲುತ್ತವೆ. ಈಗಿನ ವರ್ಣಮಾಲೆಯಲ್ಲಿಲ್ಲದ 'ಱ' ಮತ್ತು 'ೞ' ಅಕ್ಷರಗಳನ್ನು ಮಕ್ಕಳು ಮೊದಲ ಸಲ ಕಾಣುವುದು ಹೀಗೆ. "ಇವು ಎಲ್ಲಿಗೆ ಹೋದವು?" ಎಂದು ಒಬ್ಬಳು ಕೇಳಿದಳು. ಅಂಥ ಪ್ರಶ್ನೆ ಬಂದ ದಿನ ನನಗೆ ಮನೆಗೆ ನಡೆದುಹೋಗುವ ದಾರಿ ಸವೆದದ್ದೇ ತಿಳಿಯುವುದಿಲ್ಲ.

ಬೆಂಗಳೂರಿನ ಮಕ್ಕಳಿಗೆ ಬೆಂದ ಕಾಳಿನ ಕಥೆ ಗೊತ್ತು. ಹಸಿದ ಹೊಯ್ಸಳ ದೊರೆ ವೀರಬಲ್ಲಾಳರಾಯನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಊರಿಗೆ ಬೆಂದಕಾಳೂರು ಎಂದು ಹೆಸರಾಯಿತು ಎನ್ನುತ್ತಾರೆ. ಅದು ಸುಳ್ಳು ಎಂದು ನಾವು ಗದರುವುದಿಲ್ಲ. ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಕರೆದೊಯ್ಯುತ್ತೇವೆ. ಅಲ್ಲಿ ಸುಮಾರು 890ರ ಗಂಗರ ಕಾಲದ ಶಾಸನವೊಂದಿದೆ; ನಾಗತ್ತರನ ಮಗ ಬುಟ್ಟಣಸೆಟ್ಟಿ ಬೆಂಗಳೂರಿನ ಕಾಳೆಗದಲ್ಲಿ ಸತ್ತನೆಂದು ಅದು ಹೇಳುತ್ತದೆ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಯಾವುದು ಮೊದಲು ಎಂದು ಕೇಳಿ ಸುಮ್ಮನಾಗುತ್ತೇವೆ. ಬೆರಳು ಮಡಚಿ ಲೆಕ್ಕ ಹಾಕಿ ಅವರೇ ಹೇಳುತ್ತಾರೆ.

ಆದರೆ ಮಕ್ಕಳ ಮನಸ್ಸನ್ನು ಪೂರ್ತಿ ಗೆದ್ದದ್ದು ಒಂದು ನಾಯಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ ಕಲ್ಲು ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. 949–50ರ ಕಾಲದ್ದು. ಗಂಗರ ದೊರೆ ಬೂತುಗ ತನ್ನ ಸೇವಕ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದದ್ದನ್ನು ಕೇಳು ಎಂದ. ಮಣಲೇರ ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಹೋರಾಡಿ ಒಟ್ಟಿಗೆ ಸತ್ತವು. ಆತಕೂರಿನ ಗುಡಿಯ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ನಾಯಿ ಹಂದಿಯ ಮೇಲೆ ಎರಗಿದ ಚಿತ್ರ ಇಂದಿಗೂ ಸ್ಪಷ್ಟ.

ನಾಯಿಯ ಕಥೆ ಮುಗಿಯಿತು ಎಂದು ಮಕ್ಕಳು ಎದ್ದೇಳುವಾಗ ನಾನು ಕೇಳುತ್ತೇನೆ: ಮಣಲೇರ ಅಂಥ ಪರಾಕ್ರಮ ತೋರಿದ್ದು ಎಲ್ಲಿ? ಅಲ್ಲಿಂದ ದೇಶದ ನಕಾಶೆ ಬಿಚ್ಚಿಕೊಳ್ಳುತ್ತದೆ. ಅದು ತಕ್ಕೋಲಂ ಯುದ್ಧ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ 949ರಲ್ಲಿ ನಡೆದದ್ದು. ಚೋಳ ರಾಜಕುಮಾರ ರಾಜಾದಿತ್ಯ ಅಲ್ಲಿ ಹತನಾದ. ಕೊಂದವನು ಕೃಷ್ಣನ ಕಡೆ ನಿಂತು ಹೋರಾಡಿದ ಇದೇ ಬೂತುಗ. ಅದಕ್ಕಾಗಿ ಕೃಷ್ಣ ಅವನಿಗೆ 'ಬನವಾಸಿ ಹನ್ನೆರಡು ಸಾವಿರ' ಎಂದು ಕರೆಯುತ್ತಿದ್ದ ಪ್ರಾಂತವೇ ಮೊದಲಾದ ನಾಡುಗಳನ್ನು ಕೊಟ್ಟ. ತಕ್ಕೋಲಂ ಇರುವುದು ತಮಿಳುನಾಡಿನಲ್ಲಿ, ಅರಕ್ಕೋಣಂ ಬಳಿ. ಚೆನ್ನೈ ರೈಲು ಹತ್ತಿದವರಿಗೆಲ್ಲ ಅರಕ್ಕೋಣಂ ಗೊತ್ತು.

ಒಮ್ಮೆ ಈ ಕಥೆ ಹೇಳುವಾಗ ಗೆದ್ದವರು ನಾವು ಎಂದು ಹುಡುಗರು ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನಲ್ಲಿ ತಮಿಳು ಮನೆಮಾತಿನ ಒಬ್ಬ ಹುಡುಗ ತಲೆ ತಗ್ಗಿಸಿದ್ದನ್ನು ಕಂಡೆ. ಆಗ ಕಥೆಯ ಇನ್ನೊಂದು ಅರ್ಧವನ್ನು ಹೇಳಿದೆ. ಸೋತ ರಾಜಾದಿತ್ಯನನ್ನು ತಮಿಳು ಶಾಸನಗಳು ಮರೆಯಲಿಲ್ಲ. ಆನೆಯ ಮೇಲೆ ಮಡಿದ ದೇವರು ಎಂದು ಗೌರವದಿಂದ ಕರೆದವು. ಇಲ್ಲಿ ಒಂದು ನಾಯಿಗೆ ಕಲ್ಲು ನೆಟ್ಟರು, ಅಲ್ಲಿ ಸತ್ತ ರಾಜಕುಮಾರನಿಗೆ ಒಂದು ಹೆಸರು ಕಟ್ಟಿದರು. ಹುಡುಗ ತಲೆ ಎತ್ತಿದ. ಗೆದ್ದವರ ಕಲ್ಲನ್ನು ಮಾತ್ರ ಓದಿಸಿ ಅದನ್ನೇ ದೇಶದ ಇತಿಹಾಸ ಎಂದು ಹೇಳಿಕೊಡುವವರಿಗೆ ನಮ್ಮ ಗುಂಪಿನಲ್ಲಿ ಜಾಗವಿಲ್ಲ.

ಕಷ್ಟದ ಪ್ರಶ್ನೆಗಳೂ ಬರುತ್ತವೆ. ಗಂಡನ ಚಿತೆಯೇರಿ ಸತ್ತವಳ ನೆನಪಿಗೆ ನೆಟ್ಟ, ಬಳೆ ತೊಟ್ಟ ಕೈಯೊಂದು ಮೇಲೆದ್ದ ಮಾಸ್ತಿಕಲ್ಲಿನ ಮುಂದೆ ಏಳನೆಯ ತರಗತಿಯ ಹುಡುಗಿಯೊಬ್ಬಳು, "ಇವಳಿಗೆ ಸಾಯಲು ಇಷ್ಟವಿತ್ತೇ?" ಎಂದಳು. ಕಲ್ಲು ಅವಳನ್ನು ಮಹಾಸತಿ ಎಂದು ಹೊಗಳುತ್ತದೆ, ಅವಳ ಮಾತನ್ನು ಹೇಳುವುದಿಲ್ಲ ಎಂದಷ್ಟೇ ಹೇಳಿದೆ. ಪರಂಪರೆಯಲ್ಲಿ ಎಲ್ಲವೂ ಮೆಚ್ಚುವಂಥದ್ದಲ್ಲ. ಅದನ್ನು ಮಕ್ಕಳಿಂದ ಮುಚ್ಚಿಡುವುದು ಅವರಿಗೆ ಮಾಡುವ ಅನ್ಯಾಯ.

ಈ ಕೆಲಸಕ್ಕೆ ದೊಡ್ಡ ವಿದ್ವತ್ತು ಬೇಕು ಎಂದು ಹಿಂಜರಿಯುವವರಿಗೆ ಬಿ.ಎಲ್. ರೈಸ್ ಅವರನ್ನು ನೆನಪಿಸುತ್ತೇನೆ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಅವರು ಮೊದಲು ಶಾಲೆಯ ಮುಖ್ಯೋಪಾಧ್ಯಾಯರು, ಆಮೇಲೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯವರು. ಶಾಲೆಗಳನ್ನು ನೋಡಲು ಕುದುರೆಯ ಮೇಲೆ ಊರೂರು ಸುತ್ತುವಾಗ ಕಣ್ಣಿಗೆ ಬಿದ್ದ ಶಾಸನಗಳೇ ಅವರನ್ನು ಹಿಡಿದುಕೊಂಡವು. ಹೀಗೆ ಆರಂಭವಾದ ಆಸಕ್ತಿಯಿಂದಲೇ ಮುಂದೆ ಸುಮಾರು 9000 ಶಾಸನಗಳ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಬಂದವು. ನಿಮ್ಮ ಊರಿನ ಕಲ್ಲು ಅವುಗಳಲ್ಲಿ ಇರಬಹುದು; ತಾಲ್ಲೂಕಿನ ಹೆಸರಿನಡಿ ಹುಡುಕಿ, ಶಾಸನದಲ್ಲಿರುವ ಮಾತುಗಳನ್ನು ಬರೆದುಕೊಂಡು ಹೋಗಿ ಮಕ್ಕಳ ಕೈಗೆ ಕೊಡಿ.

ಕಲ್ಲಿನ ಕೆಳಗೆ ನಿಧಿ ಇದೆ ಎಂಬ ಮಾತು ಇನ್ನೂ ಹಳ್ಳಿಗಳಲ್ಲಿ ಜೀವಂತವಾಗಿದೆ. ರಾತ್ರಿ ಬುಡ ಅಗೆದು ಒಡೆದ ಕಲ್ಲುಗಳನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದರಲ್ಲಿ ಬರೆದದ್ದು ಯಾರದೋ ಸಾವು, ಯಾವುದೋ ದಾನ, ನಿಧಿಯ ಗುಟ್ಟಲ್ಲ. ಇದನ್ನು ಮನೆಗೆ ಹೋಗಿ ಹಿರಿಯರಿಗೆ ಹೇಳಬಲ್ಲವರು ಮಕ್ಕಳೇ.

ಹೋದ ಮಾಗಿಯಲ್ಲಿ ಹೀಗಾಯಿತು. ಐದನೆಯ ತರಗತಿಯ ಹುಡುಗನೊಬ್ಬ ಓಡಿಬಂದು, ತಮ್ಮ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಅಡಿಯಲ್ಲಿ ಸೂರ್ಯ ಚಂದ್ರ ಇದ್ದಾರೆ ಎಂದ. ಹೋಗಿ ನಾಲ್ಕು ಜನ ಸೇರಿ ಮಗುಚಿದೆವು. ವೀರಗಲ್ಲು. ನೀರು ಹಾಕಿ, ಟಾರ್ಚು ಬಿಟ್ಟು, ಮಕ್ಕಳೆಲ್ಲ ಮುಖ ಒಡ್ಡಿ ನೋಡಿದರು. ಹೆಸರಿನ ಜಾಗ ಪೂರ್ತಿ ಸವೆದಿತ್ತು. ಹುಡುಗ ಬೆರಳಿಟ್ಟು ಕೂಡಿಸಿ ಓದಿದ್ದು ಎರಡೇ ಅಕ್ಷರ: "ಮಗ."

ಬಾಗಿಲಲ್ಲಿ ನಿಂತಿದ್ದ ಅವನ ಅಜ್ಜಿ, "ಯಾರ ಮಗನಪ್ಪ?" ಎಂದು ಕೇಳಿದರು. ಗೊತ್ತಾಗುವುದಿಲ್ಲ ಅಜ್ಜಿ ಎಂದೆ. ಅವರು ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿದರು. ಆಮೇಲೆ ಬಕೆಟ್ಟನ್ನು ಎತ್ತಿಕೊಂಡು, ಬಟ್ಟೆಗಳನ್ನು ಬಚ್ಚಲ ಪಕ್ಕದ ಚಪ್ಪಡಿಗೆ ಒಯ್ದರು.

ನಮಸ್ಕಾರ.