ಲಂಡನ್ ಮುಳುಗುತ್ತಿದೆ ಅಂತ ಹಾಡಿದವರು

ನಮಸ್ಕಾರ ಕೇಳುಗರೇ. ರಾಕ್ ಹಾಡುಗಳಲ್ಲಿ ಪ್ರಳಯ ಜಾಸ್ತಿ. ಬೆಂಕಿ, ನೆರೆ, ಬಾಗಿಲಿಗೇ ಬಂದು ನಿಂತ ಯುದ್ಧ. ಇದನ್ನೆಲ್ಲ ಕಾರ್ಣಿಕ ಬಿಡಿಸುವ ಹಾಗೆ ಬಿಡಿಸುವವರಿದ್ದಾರೆ. ರೋಲಿಂಗ್ ಸ್ಟೋನ್ಸ್ ತಂಡದ ‘ಗಿಮ್ಮಿ ಶೆಲ್ಟರ್’ ಅವರ ಅಚ್ಚುಮೆಚ್ಚು. 1969ರ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ಆ ತಂಡ ಹಾಡುತ್ತಿರುವಾಗಲೇ ವೇದಿಕೆಯ ಮುಂದೆ ಒಬ್ಬ ಹುಡುಗ ಇರಿತಕ್ಕೆ ಸಿಕ್ಕಿ ಸತ್ತ. ನೋಡಿ, ಹಾಡು ಮೊದಲೇ ಹೇಳಿತ್ತು ಅನ್ನುತ್ತಾರೆ. ಏನೂ ಹೇಳಿರಲಿಲ್ಲ. ತಂಡದ ಗಿಟಾರಿಗ ಕೀತ್ ರಿಚರ್ಡ್ಸ್ ಲಂಡನ್ನಿನ ಒಂದು ಕಿಟಕಿಯಿಂದ ಬಿರುಗಾಳಿ ಮಳೆ ನೋಡುತ್ತಾ ಅದನ್ನು ಶುರು ಮಾಡಿದ್ದು. ಹಾಡಿನಲ್ಲಿ ಬರುವ ಯುದ್ಧದ ಮಾತಿಗೆ ಭವಿಷ್ಯ ನೋಡಬೇಕಿರಲಿಲ್ಲ, ಟೀವಿಯಲ್ಲಿ ದಿನಾ ವಿಯೆಟ್ನಾಂ ಬರುತ್ತಿತ್ತು.

ಅದಕ್ಕೇ ನಾನು ಹೇಳುವುದು, ಹಾಡು ಬಂದ ಮೇಲೆ ಆದದ್ದನ್ನು ಬಿಡಿ, ಅದು ಹುಟ್ಟಿದ ವರ್ಷದ ಪೇಪರ್ ತೆಗೆಯಿರಿ.

1979ರ ಡಿಸೆಂಬರ್‌ನಲ್ಲಿ ಲಂಡನ್ನಿನ ಪಂಕ್ ರಾಕ್ ತಂಡ ದಿ ಕ್ಲ್ಯಾಶ್‌ನ ‘ಲಂಡನ್ ಕಾಲಿಂಗ್’ ಬಂತು. ಹೆಸರೇ ರೇಡಿಯೋದ್ದು. ಎರಡನೇ ಮಹಾಯುದ್ಧದಲ್ಲಿ ಬಿಬಿಸಿ ಹೊರದೇಶದವರನ್ನು ಕರೆಯುತ್ತಿದ್ದ ಮಾತು ಅದು, ಕೇಳಿದವರಿಗೆ ಲಂಡನ್ ಇನ್ನೂ ನಿಂತಿದೆ ಅನ್ನುವ ಧೈರ್ಯ. ಇಲ್ಲಿ ಅದೇ ಕರೆಯ ಹಿಂದೆ ಬರುವ ಸುದ್ದಿ ನೋಡಿ: ಹಿಮಯುಗ ಬರುತ್ತಿದೆ, ಸೂರ್ಯ ಹತ್ತಿರವಾಗುತ್ತಿದ್ದಾನೆ, ಗೋಧಿ ಬೆಳೆ ಸೊರಗಿದೆ, ಇಂಜಿನ್ನುಗಳು ನಿಂತಿವೆ, ಅಣು ಎಡವಟ್ಟಾಗಿದೆ, ಊರು ಮುಳುಗುತ್ತಿದೆ. ಹಿಮವೂ ಬಿಸಿಲೂ ಒಟ್ಟಿಗೆ ಹೇಗೆ ಅಂತ ಕೇಳಬೇಡಿ. ಪೇಪರ್‌ನಲ್ಲೂ ಒಂದು ಪುಟದ ಭಯ ಇನ್ನೊಂದು ಪುಟದ ಭಯಕ್ಕೆ ಹೊಂದುವುದಿಲ್ಲ, ಅಲ್ವಾ?

ಅಣು ಎಡವಟ್ಟು ಕಟ್ಟುಕತೆಯಲ್ಲ. ಅದೇ ವರ್ಷ ಮಾರ್ಚ್ 28ರಂದು ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಸ್ಥಾವರದಲ್ಲಿ ರಿಯಾಕ್ಟರಿನ ಒಡಲು ಅರ್ಧಂಬರ್ಧ ಕರಗಿತ್ತು. ಮುಳುಗುವ ಭಯವೂ ಹಾಗೇ. 1953ರಲ್ಲಿ ಸಮುದ್ರ ಉಕ್ಕಿ ಇಂಗ್ಲೆಂಡಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತಿದ್ದರು, ಆಮೇಲೆ ಥೇಮ್ಸ್ ನದಿಗೆ ಅಡ್ಡಲಾಗಿ ಕಟ್ಟಲು ಹೊರಟ ನೆರೆತಡೆ ಈ ಹಾಡು ಬಂದಾಗಲೂ ಮುಗಿದಿರಲಿಲ್ಲ. ಜೊತೆಗೆ 1979ರ ಶುರುವಿನ ಚಳಿಗಾಲದಲ್ಲಿ ಬ್ರಿಟನ್ ತುಂಬ ಮುಷ್ಕರ. ಲಂಡನ್ನಿನ ನಡುಮಧ್ಯೆ, ಲೆಸ್ಟರ್ ಸ್ಕ್ವೇರ್‌ನಲ್ಲಿ, ಕಸ ಗುಡ್ಡೆ ಬಿದ್ದಿತ್ತು. ಮೇ ತಿಂಗಳಲ್ಲಿ ಮಾರ್ಗರೆಟ್ ಥ್ಯಾಚರ್ ಚುನಾವಣೆ ಗೆದ್ದು ಪ್ರಧಾನಿಯಾದರು.

ಇಷ್ಟೇ ಆಗಿದ್ದರೆ ಅದು ಸುಮ್ನೆ ವಾರ್ತೆ ಓದಿದ ಹಾಗಾಗುತ್ತಿತ್ತು. ತಂಡದ ಹಾಡುಗಾರ ಜೋ ಸ್ಟ್ರಮರ್ ಪಲ್ಲವಿಯಲ್ಲಿ ಒಂದು ಕಿಡಿಗೇಡಿತನ ಮಾಡುತ್ತಾನೆ. ಊರು ಮುಳುಗುತ್ತಿದೆ, ಆದರೂ ನನಗೆ ಭಯವಿಲ್ಲ, ಯಾಕೆಂದರೆ ನನ್ನ ಮನೆ ಹೊಳೆ ದಂಡೆಯಲ್ಲೇ ಇದೆ ಅಂತಾನೆ. ಎಂಥ ಕಾರಣ ನೋಡಿ! ದಂಡೆಯವನೇ ಅಲ್ವಾ ಮೊದಲು ಮುಳುಗೋದು? ಇದು ಧೈರ್ಯವೋ, ಹತಾಶೆಯೋ, ಬರೀ ಜಂಬವೋ? ನನ್ನ ಪ್ರಕಾರ ಜಂಬವೇ. ಹೆದರಿಕೆ ಮುಚ್ಚಿಕೊಳ್ಳುವ ಹುಡುಗರ ಜಂಬ. ಹಾಡು ಮುಗಿಯುವಾಗ ಗಿಟಾರ್ ಟೆಲಿಗ್ರಾಫಿನ ಮೋರ್ಸ್ ಸಂಕೇತದಲ್ಲಿ, ಕಾಪಾಡಿ ಅಂತ ಕೂಗುವ ಎಸ್‌ಓಎಸ್ ಮಿಡಿದು ಆ ಜಂಬವನ್ನು ಬಯಲು ಮಾಡಿಬಿಡುತ್ತದೆ.

2002ರಲ್ಲಿ ಈ ಹಾಡನ್ನು ಒಂದು ಜಾಹೀರಾತಿಗೆ ಹಾಕಿಕೊಂಡರು. ಇಂಜಿನ್ನುಗಳೆಲ್ಲ ನಿಂತುಹೋಗುವ ಈ ಹಾಡನ್ನು ಯಾವುದಕ್ಕೆ ಬಳಸಿದರು ಗೊತ್ತಾ? ಜಾಗ್ವಾರ್ ಕಾರು ಮಾರೋದಕ್ಕೆ.