ಎರಡು ಗಂಟೆಗೆ ಆಫ್ ಆಗುವ ಕಂಪ್ಯೂಟರ್ ಮತ್ತು ಅಶೋಕನ ಬ್ಯಾಕಪ್

(ಮೇಜಿನ ಮೇಲೆ ಬಿಚ್ಚಿಟ್ಟ ಸಿಪಿಯು. ಪಕ್ಕದಲ್ಲಿ ಪೇಂಟ್ ಬ್ರಷ್, ಸ್ಕ್ರೂ ಡ್ರೈವರ್.)

ನಮಸ್ಕಾರ. ಬಳ್ಳಾರಿಯ ಕೌಲ್ ಬಜಾರ್‌ನಿಂದ ಒಬ್ಬ ಅಣ್ಣ ನನಗೆ ವಾಯ್ಸ್ ಮೆಸೇಜ್ ಕಳಿಸಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಜೀನ್ಸ್ ಹೊಲಿಯುವ ನಾಲ್ಕು ಮಷೀನು, ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್. "ಸರ, ಮಧ್ಯಾಹ್ನ ಎರಡು ಆಯ್ತಂದ್ರ ತಾನೇ ಆಫ್ ಆಗ್ತದ್ರೀ. ಸಂಜೀಗೆ ಹಚ್ಚಿದ್ರ ಛಲೋ ನಡೀತದ. ದೆವ್ವ ಗಿವ್ವ ಹೊಕ್ಕೈತೇನು?"

ದೆವ್ವ ಇಲ್ಲ. ಬಿಸಿಲು ಇದೆ. ನಮ್ಮ ಬಳ್ಳಾರಿಯಲ್ಲಿ ಎರಡೇ ಕಾಲ ಅಂತಾರಲ್ಲ, ಬೇಸಿಗೆ ಮತ್ತು ಕಡು ಬೇಸಿಗೆ. ಕಂಪ್ಯೂಟರಿನ ಫ್ಯಾನ್ ಎಸಿ ಅಲ್ಲ. ಕೋಣೆಯ ಗಾಳಿಯನ್ನೇ ಒಳಗೆ ತಿರುಗಿಸುತ್ತದೆ, ಅಷ್ಟೇ. ಕೋಣೆಯೇ 40 ಡಿಗ್ರಿ ಇದ್ದರೆ ಅದು ಊದುವುದೂ 40 ಡಿಗ್ರಿ ಗಾಳಿಯನ್ನೇ. ಒಳಗೆ ಲೆಕ್ಕವೆಲ್ಲ ಮಾಡುವ ಚಿಪ್, ಅಂದರೆ ಪ್ರಾಸೆಸರ್, 100 ಡಿಗ್ರಿ ಹತ್ತಿರ ಬಂತು ಅಂದರೆ ಮೊದಲು ವೇಗ ಇಳಿಸಿಕೊಳ್ಳುತ್ತದೆ. ಅದರಲ್ಲೂ ಆಗದಿದ್ದರೆ ಸುಟ್ಟುಹೋಗಬಾರದು ಅಂತ ತಾನೇ ಆಫ್ ಆಗುತ್ತದೆ. ಅಣ್ಣ, ನಿಮ್ಮ ಕಂಪ್ಯೂಟರ್ ಹಾಳಾಗಿಲ್ಲ. ನಿಮಗಿಂತ ಬುದ್ಧಿವಂತಿಕೆಯಿಂದ ಮಧ್ಯಾಹ್ನ ಮಲಗುತ್ತಿದೆ.

ಆದರೆ ಎಲ್ಲರ ಮನೆಯಲ್ಲೂ ಹೀಗಾಗಲ್ಲ. ಹಾಗಾಗಿ ನಾನೇ ಹೋಗಿ ಬಿಚ್ಚಿಸಿದೆ.

(ಹತ್ತಿರದ ಶಾಟ್: ಫ್ಯಾನ್ ಕೆಳಗಿನ ಧೂಳಿನ ಪದರ.)

ಇದನ್ನು ನೋಡಿ. ಫ್ಯಾನ್ ಮೇಲೆ ಏನೂ ಇಲ್ಲ, ಫಳಫಳ ಅನ್ನುತ್ತಿದೆ. ಅವರು ವಾರಕ್ಕೊಮ್ಮೆ ಬಟ್ಟೆಯಲ್ಲಿ ಒರೆಸುತ್ತಾರಂತೆ. ಆದರೆ ಫ್ಯಾನಿನ ನಾಲ್ಕು ಸ್ಕ್ರೂ ಬಿಚ್ಚಿ ಎತ್ತಿದರೆ, ಅದರ ಕೆಳಗೆ ಪ್ರಾಸೆಸರ್‌ನ ಬಿಸಿ ಎಳೆದುಕೊಳ್ಳುವ ಹೀಟ್ ಸಿಂಕ್‌ನ ತೆಳು ತಗಡುಗಳ ಮೇಲೆ ಒಂದು ಕಂಬಳಿ. ಸುಳ್ಳಲ್ಲ, ಕಂಬಳಿಯೇ. ಜೀನ್ಸ್ ಬಟ್ಟೆಯ ನೀಲಿ ಜುಂಗು, ಅದರ ಮೇಲೆ ರಸ್ತೆಯ ಕೆಂಪು ಧೂಳು, ಮತ್ತೆ ನೀಲಿ, ಮತ್ತೆ ಕೆಂಪು. ಉಗುರಿನಿಂದ ಎತ್ತಿದರೆ ಒಂದೇ ತುಂಡಾಗಿ ಎದ್ದು ಬಂತು, ಚೌಕಾಕಾರವಾಗಿ. ಪ್ರಾಸೆಸರ್‌ಗೆ ಮೇ ತಿಂಗಳಲ್ಲಿ ಕಂಬಳಿ ಹೊದಿಸಿ ಕೆಲಸ ಮಾಡು ಅಂದರೆ ಹೇಗೆ ಮಾಡಬೇಕು ಪಾಪ?

ಕ್ಲೀನ್ ಮಾಡುವಾಗ ಎರಡೇ ಮಾತು. ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಆಮೇಲೆ ಕೈ ಹಾಕಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ಗಾಳಿಗೆ ಗಿರ್ರನೆ ತಿರುಗಿ ಬೇರಿಂಗ್ ಹೋಗುತ್ತದೆ. ಪ್ರಾಸೆಸರ್ ಮತ್ತು ಹೀಟ್ ಸಿಂಕ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಆಗಿದ್ದರೆ ಹೊಸದು ಹಾಕಿಸಿ. ಸಿಪಿಯು ನೆಲದಿಂದ ಒಂದು ಮೊಳ ಮೇಲಿರಲಿ. ಮುಗೀತು.

ಈಗ ನಿಜವಾದ ಪ್ರಶ್ನೆಗೆ ಬರೋಣ. ಹೊರಡುವಾಗ ಅಣ್ಣ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೇಳಿದರು. "ಇದು ಪೂರಾ ಹೋದ್ರ ಮಗಳ ಫೋಟೋ ಏನಾಗ್ತಾವ್ರೀ?" ಹುಟ್ಟಿದಾಗಿನಿಂದ ಹತ್ತನೇ ಕ್ಲಾಸ್‌ವರೆಗಿನ ಫೋಟೋ. ಜೊತೆಗೆ ವ್ಯಾಪಾರದ ಲೆಕ್ಕ. ಎಲ್ಲಾ ಅದೊಂದೇ ಹಾರ್ಡ್ ಡಿಸ್ಕ್‌ನಲ್ಲಿ.

(ಕೊಪ್ಪಳ. ಪಾಲ್ಕಿಗುಂಡು ಬೆಟ್ಟದ ಬಂಡೆ.)

ಇದಕ್ಕೆ ಉತ್ತರ ಹೇಳಲು ನಾನು ಕೊಪ್ಪಳಕ್ಕೆ ಬಂದಿದ್ದೇನೆ. ನಗಬೇಡಿ. ಇದು ಪಾಲ್ಕಿಗುಂಡು. ಬಂಡೆಯ ಮೇಲೆ ಬಂಡೆ ಕೂತು ಪಲ್ಲಕ್ಕಿ ಹಾಗೆ ಕಾಣುತ್ತದೆ ಅಂತ ಈ ಹೆಸರು. ಇಲ್ಲಿ ಅಶೋಕನ ಶಾಸನ ಇದೆ. ಇತ್ತು ಅನ್ನಬೇಕೇನೋ, ಅಷ್ಟು ಸವೆದಿದೆ. ನಾನು ಕಣ್ಣು ಕಿರಿದು ಮಾಡಿ ನೋಡಿದೆ, ಅಕ್ಷರ ಯಾವುದು, ಕಲ್ಲಿನ ಗೀರು ಯಾವುದು ಗೊತ್ತಾಗಲ್ಲ. ಕಂಪ್ಯೂಟರ್ ಭಾಷೆಯಲ್ಲಿ ಹೇಳಿದರೆ ಫೈಲ್ ಕರಪ್ಟ್.

ಆದರೆ ಇದೇ ಊರಿನ ಗವಿಮಠದ ಬೆಟ್ಟದಲ್ಲಿ ಅದೇ ಶಾಸನದ ಇನ್ನೊಂದು ಪ್ರತಿ ಇದೆ, ಅದು ಚೆನ್ನಾಗಿಯೇ ಉಳಿದಿದೆ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತೀರಿ, ದಾಸೋಹದಲ್ಲಿ ಊಟ ಮಾಡುತ್ತೀರಿ. ಮೇಲೆ 2,200 ವರ್ಷಕ್ಕೂ ಹಳೆಯ ಬ್ಯಾಕಪ್ ಇದೆ ಅಂತ ಎಷ್ಟು ಜನ ಹತ್ತಿ ನೋಡಿದ್ದೀರಿ?

ಇಷ್ಟಕ್ಕೇ ಮುಗಿಯಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಒಂದು ಪ್ರತಿ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆ ನಿಟ್ಟೂರಿನಲ್ಲಿ ಒಂದು, ಉಡೇಗೋಳದಲ್ಲಿ ಒಂದು. ಪದಗಳಲ್ಲಿ ಅಲ್ಲಲ್ಲಿ ವ್ಯತ್ಯಾಸ, ಹೇಳುವ ವಿಷಯ ಒಂದೇ. ನಮ್ಮ ಮೂರು ಜಿಲ್ಲೆಗಳಲ್ಲೇ ಐದು ಕಾಪಿ!

ಈಗ ಮಜಾ ಕೇಳಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ಇಂಗ್ಲಿಷ್ ವಿದ್ವಾಂಸ ಈ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಓದಿದ. ಆದರೆ ಆಗ ಗೊತ್ತಿದ್ದ ಶಾಸನಗಳಲ್ಲಿ ರಾಜನ ಹೆಸರೇ ಇಲ್ಲ. ಬರೀ 'ದೇವಾನಂಪಿಯ', 'ಪಿಯದಸಿ' ಅಂತ ಬಿರುದು. ಯಾರಪ್ಪ ಇವನು? ಶ್ರೀಲಂಕಾದ ಹಳೆಯ ಗ್ರಂಥಗಳನ್ನು ಹಿಡಿದು ಅಶೋಕ ಇರಬೇಕು ಅಂದರು. ಕಲ್ಲಿನ ಮೇಲಿನ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ಮಸ್ಕಿಯಲ್ಲಿ. ಬೀಡನ್ ಅಂತ ಒಬ್ಬ ಗಣಿ ಎಂಜಿನಿಯರ್, ಚಿನ್ನ ಹುಡುಕಲು ಬಂದವನು, ಆ ಬಂಡೆಯನ್ನು ಕಂಡ. ಅದರಲ್ಲಿ ಸ್ಪಷ್ಟವಾಗಿ 'ಅಸೋಕಸ' ಅಂತ ಇತ್ತು. ನಿಟ್ಟೂರು, ಉಡೇಗೋಳದಲ್ಲೂ ಹೆಸರಿದೆ, ಆದರೆ ಅವು ಸಿಕ್ಕಿದ್ದು ಆಮೇಲೆ. 78 ವರ್ಷ ಕಾದಿದ್ದ ಉತ್ತರ ಯಾವುದೋ ಮೂಲೆಯ ಒಂದು ಕಾಪಿಯಲ್ಲಿ ಕೂತಿತ್ತು.

ಇನ್ನೂ ಒಂದು, ಇದನ್ನು ಹೇಳದಿದ್ದರೆ ನನಗೆ ಊಟ ಸೇರಲ್ಲ. ಇದೇ ಶಾಸನದ ಉತ್ತರ ಭಾರತದ ಪ್ರತಿಗಳಲ್ಲಿ, ಮಧ್ಯಪ್ರದೇಶದ ರೂಪನಾಥ ಮತ್ತು ಬಿಹಾರದ ಸಹಸ್ರಾಮ್‌ನಲ್ಲಿ, ಒಂದು ಅಪ್ಪಣೆ ಇದೆ. ಇದನ್ನು ಬಂಡೆಗಳ ಮೇಲೆ ಕೆತ್ತಿಸಿ, ಕಲ್ಲಿನ ಕಂಬ ಇದ್ದ ಕಡೆ ಕಂಬದ ಮೇಲೂ ಕೆತ್ತಿಸಿ ಅಂತ! ಬಂಡೆ ಒಂದು, ಕಂಬ ಇನ್ನೊಂದು. ಎರಡು ಥರದ ಸ್ಟೋರೇಜ್. ಇವತ್ತು ಪೀಟರ್ ಕ್ರೋಗ್ ಎಂಬ ಫೋಟೋಗ್ರಾಫರ್ ಹೆಸರಲ್ಲಿ ಹೇಳುವ 3-2-1 ಲೆಕ್ಕ ಗೊತ್ತಲ್ಲ? ಮೂರು ಕಾಪಿ, ಎರಡು ಥರದ ಸ್ಟೋರೇಜ್, ಒಂದು ಬೇರೆ ಜಾಗದಲ್ಲಿ. ಅಶೋಕನಿಗೆ ಅದರ ರಾಯಲ್ಟಿ ಕೊಡಬೇಕು ಅನ್ನೋದು ನನ್ನ ವಾದ.

(ಮತ್ತೆ ಮೇಜು.)

ಈ 'ಬೇರೆ ಜಾಗ' ಅನ್ನುವುದನ್ನು ನಾನು ಪೆಟ್ಟು ತಿಂದು ಕಲಿತೆ. ಈ ಚಾನೆಲ್‌ನ ಮೊದಲ ವರ್ಷದ ಶೂಟಿಂಗ್ ಎಲ್ಲಾ ಲ್ಯಾಪ್‌ಟಾಪ್‌ನಲ್ಲಿತ್ತು. ಬ್ಯಾಕಪ್ ಡಿಸ್ಕ್ ಕೂಡ ಇತ್ತು, ನಾನೇನು ದಡ್ಡನಾ? ಅದನ್ನು ಜೋಪಾನವಾಗಿ ಲ್ಯಾಪ್‌ಟಾಪ್ ಬ್ಯಾಗ್‌ನ ಮುಂದಿನ ಜೇಬಿನಲ್ಲೇ ಇಟ್ಟಿದ್ದೆ. ಒಂದು ರಾತ್ರಿ ಸಿಂಧನೂರು ಬಸ್ಸಿನಲ್ಲಿ ನಿದ್ದೆ ಹತ್ತಿತು. ಇಳಿಯುವಾಗ ಮಿರ್ಚಿಯ ಪೊಟ್ಟಣ ಇತ್ತು, ಬ್ಯಾಗ್ ಇರಲಿಲ್ಲ.

(ಗಡಿಯಾರ ತೋರಿಸುತ್ತಾ.)

ಅಶೋಕನ ಬಗ್ಗೆ ಜಾಸ್ತಿ ಮಾತಾಡಿದೆ, ಎಡಿಟ್ ಮಾಡುವವನು ಬೈಯುತ್ತಾನೆ. ಉಳಿದಿದ್ದನ್ನು ಓಡಿಸುತ್ತೇನೆ.

ಗೂಗಲ್ ಡ್ರೈವ್‌ನಲ್ಲಿ ಸಿಂಕ್ ಆಗಿದೆ, ಸಾಕಲ್ವಾ? ಸಾಲದು. ಸಿಂಕ್ ಅಂದರೆ ಕನ್ನಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಪೆನ್ ಡ್ರೈವ್ ಒಂದನ್ನೇ ನಂಬಬೇಡಿ. ಚಿಪ್‌ಗಳಲ್ಲಿ ಚಾರ್ಜ್ ರೂಪದಲ್ಲಿ ಫೈಲ್ ಇಡುವ ಎಸ್‌ಎಸ್‌ಡಿ ಡಿಸ್ಕ್‌ನಲ್ಲಿ ಬ್ಯಾಕಪ್ ಮಾಡಿ ಬೀರುವಿನಲ್ಲಿ ವರ್ಷಗಟ್ಟಲೆ ಮರೆತುಬಿಡಬೇಡಿ. ಕರೆಂಟ್ ಇಲ್ಲದೆ ಇಟ್ಟಾಗ ಅದರೊಳಗಿನ ಚಾರ್ಜ್ ನಿಧಾನವಾಗಿ ಸೋರುತ್ತದೆ, ಬಿಸಿ ಇದ್ದಷ್ಟು ಬೇಗ. ನಮ್ಮ ಊರಿನ ಬೀರು ಮೇ ತಿಂಗಳಲ್ಲಿ ಒಲೆಯೇ. ಆಗಾಗ ಹಚ್ಚಿ, ಒಂದೆರಡು ಫೈಲ್ ತೆರೆದು ನೋಡಿ. ತೆರೆಯದ ಬ್ಯಾಕಪ್ ಪಾಲ್ಕಿಗುಂಡು ಆಗಿದ್ದರೂ ನಿಮಗೆ ಗೊತ್ತಾಗಲ್ಲ.

ಕಾಪಿ ಮಾಡಿದ ಮೇಲೆ ಡಿಸ್ಕನ್ನು ಕಿತ್ತು ಇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಹಣ ಕೀಳುವ ವೈರಸ್ ಬಂದಾಗ ಲಕ್ಷಾಂತರ ಕಂಪ್ಯೂಟರ್‌ಗಳ ಫೈಲ್‌ಗೆ ಬೀಗ ಬಿತ್ತು. ಇಂಥ ವೈರಸ್ ಕಂಪ್ಯೂಟರಿಗೆ ಚುಚ್ಚಿಕೊಂಡಿರುವ ಡಿಸ್ಕನ್ನೂ ಬಿಡಲ್ಲ. ವಾನಾಕ್ರೈ ನುಗ್ಗಿದ್ದ ವಿಂಡೋಸ್‌ನ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಂದಹಾಗೆ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ನೋಡಿಕೊಳ್ಳಿ.

ಯುಪಿಎಸ್? ಬೇಕು. ಕರೆಂಟ್ ಹೋದ ಮೇಲೆ ಕೆಲಸ ಮುಂದುವರಿಸಲು ಅಲ್ಲ, ಸೇವ್ ಮಾಡಿ ಮರ್ಯಾದೆಯಿಂದ ಶಟ್‌ಡೌನ್ ಮಾಡಲು. ಹಾರ್ಡ್ ಡಿಸ್ಕ್ ಕಟಕಟ ಅಂದರೆ ಮಾತ್ರ ರಿಪೇರಿ ಪ್ರಯೋಗ ಮಾಡಬೇಡಿ. ಆಫ್ ಮಾಡಿ, ತಿಳಿದವರಿಗೆ ಕೊಡಿ.

ಕೌಲ್ ಬಜಾರ್ ಅಣ್ಣನ ಕಥೆ ಹೇಳಿಬಿಡುತ್ತೇನೆ. ಕಂಬಳಿ ತೆಗೆದ ಮೇಲೆ ಎರಡು ಗಂಟೆಯ ನಿದ್ದೆ ನಿಂತಿದೆ. ಎರಡು ಡಿಸ್ಕ್ ತಂದು ಕಾಪಿ ಮಾಡಿದ್ದಾರೆ. ಒಂದು ಮನೆಯಲ್ಲಿ, ಇನ್ನೊಂದನ್ನು ಗಂಗಾವತಿಯ ಅಕ್ಕನ ಮನೆಗೆ ಕಳಿಸಿದ್ದಾರೆ. ನಿನ್ನೆ ಫೋಟೋ ಬಂತು. ನೆನೆದ ಫೋನನ್ನು ಅಕ್ಕಿಯಲ್ಲಿ ಇಡುತ್ತಾರೆ ಅಂತ ಎಲ್ಲೋ ಕೇಳಿದ್ದ ಅಕ್ಕ, ಡಿಸ್ಕನ್ನು ಸೋನಾ ಮಸೂರಿ ಡ್ರಮ್ಮಿನಲ್ಲಿ ಹೂತಿಟ್ಟಿದ್ದಾರೆ.

ಅಕ್ಕ, ಈ ವಿಡಿಯೋ ನೋಡುತ್ತಿದ್ದರೆ ಅದನ್ನು ಮೊದಲು ಹೊರಗೆ ತೆಗೆಯಿರಿ. ಅನ್ನಕ್ಕೆ ಇಡುವ ಮುಂಚೆ.